ಆರ್ಡರಿನ ಅಂಕಿ ಬೇಡ, ಅಳೆದ ಅಂಕಿ ಕೊಡಿ

ಮಾನ್ಯ ಸಂಪಾದಕರೇ,

ಅಳತೆ ಕೊಟ್ಟು ಮಾಡಿಸಿಕೊಂಡ ಗಾಲ್ಫ್ ಕ್ಲಬ್‌ಗಳಲ್ಲಿ, ಅಂದರೆ ಚೆಂಡು ಹೊಡೆಯುವ ದಾಂಡುಗಳಲ್ಲಿ, ದೋಷ ಕಂಡರೆ ಅದನ್ನು ರುಜುವಾತು ಮಾಡುವ ಹೊಣೆ ಕೊಂಡವನ ತಲೆಗೇ ಏಕೆ ಬೀಳಬೇಕು? ನಾನು ಯಂತ್ರದ ಬಿಡಿಭಾಗಗಳ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಅಲ್ಲಿಂದ ಹೊರಬೀಳುವ ಪ್ರತಿ ಪೆಟ್ಟಿಗೆಯ ಜೊತೆ ಒಂದು ಹಾಳೆ ಹೋಗುತ್ತಿತ್ತು. ನಕ್ಷೆಯಲ್ಲಿ ಇರಬೇಕಾದದ್ದು ಇಷ್ಟು, ತಯಾರಾಗಿ ಬಂದದ್ದು ಇಷ್ಟು ಎಂದು ಎರಡು ಸಾಲು ಅಂಕಿ, ಕೆಳಗೆ ಅಳೆದವನ ಸಹಿ. ಹೊಸ ಕ್ಲಬ್‌ಗಳ ಪೆಟ್ಟಿಗೆಯಲ್ಲಿ ನನಗೆ ಸಿಕ್ಕಿದ ಹಾಳೆಯಲ್ಲಿ ಮೊದಲ ಸಾಲು ಮಾತ್ರ ಇತ್ತು. ಅಂದರೆ ನಾನು ಬರೆದುಕೊಟ್ಟದ್ದನ್ನೇ ಅಚ್ಚು ಹಾಕಿ ನನಗೇ ವಾಪಸು ಕೊಟ್ಟಿದ್ದರು.

ನಾನು ಮಾಡಿಸಿದ್ದು ಫೋರ್ಜ್ಡ್ ಐರನ್‌ಗಳ, ಅಂದರೆ ಬಡಿದು ರೂಪಿಸಿದ ಉಕ್ಕಿನ ಹೆಡ್ (ಚೆಂಡಿಗೆ ತಾಗುವ ತಲೆ) ಇರುವ ಕ್ಲಬ್‌ಗಳ ಸೆಟ್. ಐರನ್‌ನ ನಂಬರ್ ಹೆಚ್ಚಿದಷ್ಟೂ ಚೆಂಡು ಹೋಗುವ ದೂರ ಕಡಿಮೆ. ಉದ್ದ ಅರ್ಧ ಇಂಚು ಹೆಚ್ಚು, ಲೈ, ಅಂದರೆ ಕ್ಲಬ್ಬಿನ ಕೋಲು ನೆಲದೊಡನೆ ಮಾಡುವ ಕೋನ, 2 ಡಿಗ್ರಿ ಅಪ್‌ರೈಟ್ (ಹೆಚ್ಚು ನೆಟ್ಟಗೆ), ಗ್ರಿಪ್ (ಹಿಡಿ) ಮಿಡ್‌ಸೈಜ್. ಆಡಲು ಶುರು ಮಾಡಿದ ಮೇಲೆ 7 ಐರನ್ ಮತ್ತು 8 ಐರನ್ ಹೆಚ್ಚುಕಡಿಮೆ ಒಂದೇ ದೂರ ಹೋಗತೊಡಗಿದವು. 8 ಮತ್ತು 9ರ ನಡುವೆ ಮಾತ್ರ ದೊಡ್ಡ ಕಂದಕ. 6 ಐರನ್‌ನಿಂದ ಎಷ್ಟು ಚೆನ್ನಾಗಿ ಹೊಡೆದರೂ ಚೆಂಡು ಬಲಕ್ಕೇ ವಾಲುತ್ತಿತ್ತು. ಮಾರಿದವರನ್ನು ಕೇಳಿದರೆ, "ಸರ್, ಕ್ಲಬ್ ಸರಿಯಾಗಿಯೇ ಇದೆ, ನಿಮ್ಮ ಸ್ವಿಂಗ್ ಒಮ್ಮೆ ಕೋಚ್‌ಗೆ ತೋರಿಸಿ" ಎಂದರು. ಇದಕ್ಕಿಂತ ಸುಲಭದ ಉತ್ತರ ಇಲ್ಲ. ಹವ್ಯಾಸಿ ಆಟಗಾರನ ಸ್ವಿಂಗ್‌ನಲ್ಲಿ ಕುಂದು ಇದ್ದೇ ಇರುತ್ತದೆ, ಅವನು ತಲೆ ತಗ್ಗಿಸಿ ಮನೆಗೆ ಹೋಗುತ್ತಾನೆ.

ನಾನು ಹೋಗಲಿಲ್ಲ. ಕ್ಲಬ್ ರಿಪೇರಿ ಮಾಡುವ ಬೇರೊಬ್ಬರ ಬಳಿ ಲಾಫ್ಟ್ ಮತ್ತು ಲೈ ಅಳೆಯುವ ಯಂತ್ರ ಇತ್ತು, ಅದರ ಮೇಲೆ ಒಂದೊಂದನ್ನೂ ಕೂರಿಸಿ ಅಳೆಸಿದೆ. ಲಾಫ್ಟ್ ಎಂದರೆ ಕ್ಲಬ್ಬಿನ ಮುಖ ಹಿಂದಕ್ಕೆ ವಾಲಿರುವ ಕೋನ, ಚೆಂಡು ಎಷ್ಟು ಎತ್ತರ, ಎಷ್ಟು ದೂರ ಹೋಗುತ್ತದೆ ಎಂಬುದರಲ್ಲಿ ಅದರದೇ ದೊಡ್ಡ ಪಾಲು. ನನ್ನ 7, 8, 9 ಐರನ್‌ಗಳು ಕ್ರಮವಾಗಿ 33, 37, 41 ಡಿಗ್ರಿ ಇರಬೇಕಿತ್ತು. ಬಂದದ್ದು 34, 36, 42.

ಮಾರಾಟಗಾರರು ಈ ಅಂಕಿ ನೋಡಿ, "ಪ್ಲಸ್ ಆರ್ ಮೈನಸ್ ಒಂದು ಡಿಗ್ರಿ ಟಾಲರೆನ್ಸ್ ಇರುತ್ತದೆ, ಎಲ್ಲವೂ ಅದರೊಳಗೇ ಇವೆ" ಎಂದರು. ಬಿಡಿಬಿಡಿಯಾಗಿ ನೋಡಿದರೆ ನಿಜ. ಒಂದು ಡಿಗ್ರಿಯ ವ್ಯತ್ಯಾಸ ಈ ಕಸುಬಿನಲ್ಲಿ ಸಾಮಾನ್ಯವೆಂದು ನಾನೂ ಒಪ್ಪುತ್ತೇನೆ. ಆದರೆ ಆಟಗಾರ ಕೊಳ್ಳುವುದು ಒಂದು ಕ್ಲಬ್ಬನ್ನಲ್ಲ, ಕ್ಲಬ್‌ಗಳ ನಡುವಿನ ಅಂತರವನ್ನು. 7 ಒಂದು ಡಿಗ್ರಿ ಮೇಲೆ ಹೋಗಿ, 8 ಒಂದು ಡಿಗ್ರಿ ಕೆಳಗೆ ಬಂದರೆ 4 ಡಿಗ್ರಿಯ ಅಂತರ 2 ಆಗುತ್ತದೆ. ಅದೇ ಲೆಕ್ಕದಲ್ಲಿ 8 ಮತ್ತು 9ರ ನಡುವೆ 6 ಆಗುತ್ತದೆ. ನಾಲ್ಕು ಡಿಗ್ರಿಗೆ ಸುಮಾರು ಹತ್ತು ಗಜ ಎಂದು ಹಿಡಿದರೂ ಗ್ರೀನ್ (ಗುಳಿ ಇರುವ ಹುಲ್ಲುಹಾಸು) ತಲುಪುವುದಕ್ಕೂ ಬಂಕರಿನ ಮರಳಿನಲ್ಲಿ ಬೀಳುವುದಕ್ಕೂ ಇರುವ ದೂರ ಅದು. ಕಾರ್ಖಾನೆಯಲ್ಲಿ ಒಂದಕ್ಕೊಂದು ಕೂಡಬೇಕಾದ ಭಾಗಗಳನ್ನು ಹೀಗೆ ಒಂಟಿ ಅಳತೆಯ ಮೇಲೆ ಪಾಸು ಮಾಡಿದ್ದರೆ ನಮ್ಮನ್ನು ಯಾರೂ ಆ ಕುರ್ಚಿಯಲ್ಲಿ ಕೂರಿಸುತ್ತಿರಲಿಲ್ಲ. ಟಾಲರೆನ್ಸ್ ಅಂತರಕ್ಕೂ ಇರಬೇಕು.

6 ಐರನ್‌ನ ಲೈ ಕೋನವನ್ನಂತೂ ಬಗ್ಗಿಸಿಯೇ ಇರಲಿಲ್ಲ, ಸ್ಟ್ಯಾಂಡರ್ಡ್‌ನಲ್ಲೇ ಉಳಿದಿತ್ತು. ಬೇಕಾದ್ದಕ್ಕಿಂತ ಲೈ ಚಪ್ಪಟೆಯಾದಾಗ ಹೆಡ್‌ನ ಹೊರತುದಿ ಮೊದಲು ನೆಲಕ್ಕೆ ತಾಗುತ್ತದೆ, ಬಲಗೈ ಆಟಗಾರನ ಚೆಂಡು ಬಲಕ್ಕೆ ಹೋಗುತ್ತದೆ. ಇದರಲ್ಲಿ ಕೋಚ್‌ನ ಕೆಲಸವೇನೂ ಇಲ್ಲ.

"ಕಸ್ಟಮ್ ಆರ್ಡರ್ ವಾಪಸು ತಗೊಳ್ಳಲ್ಲ" ಎನ್ನುವ ಮಾತನ್ನೂ ಕೇಳಿದೆ. ಕೊಂಡವನ ಮನಸ್ಸು ಬದಲಾದಾಗ ಅದು ನ್ಯಾಯ. ನನ್ನ ಅಳತೆಯ ಕ್ಲಬ್ಬನ್ನು ಇನ್ನೊಬ್ಬರಿಗೆ ಮಾರುವುದು ಕಷ್ಟ, ಒಪ್ಪಿದೆ. ಆದರೆ ಆರ್ಡರಿನಂತೆ ಮಾಡದೇ ಇದ್ದಾಗ ಅದು ನನ್ನ ಕ್ಲಬ್ ಹೇಗಾಗುತ್ತದೆ? ಅದೂ ಅಲ್ಲದೆ ಫೋರ್ಜ್ಡ್ ಹೆಡ್‌ಗಳ ಮೆದು ಉಕ್ಕನ್ನು ಒಂದೆರಡು ಡಿಗ್ರಿ ಬಗ್ಗಿಸಿ ಸರಿಪಡಿಸುವುದು ಬಲ್ಲವರಿಗೆ ಕೆಲವೇ ನಿಮಿಷಗಳ ಕೆಲಸ. ಗಟ್ಟಿಯಾದ ಎರಕದ ಸ್ಟೇನ್‌ಲೆಸ್ ಹೆಡ್ ಆಗಿದ್ದರೆ ಮುರಿಯುವ ಭಯವಾದರೂ ಇರುತ್ತಿತ್ತು.

ಮಾರುವವರ ಪರವಾಗಿಯೂ ಹೇಳಬೇಕಾದದ್ದಿದೆ. ದಪ್ಪ ಗ್ರಿಪ್ ಕೇಳಿದರೆ ಹಿಡಿಯ ಕಡೆ ತೂಕ ಹೆಚ್ಚಿ ಸ್ವಿಂಗ್ ವೇಟ್, ಅಂದರೆ ಬೀಸುವಾಗ ಹೆಡ್ ಕಡೆ ಅನಿಸುವ ಭಾರ, ಕಡಿಮೆಯಾಗುತ್ತದೆ, ಅದು ದೋಷವಲ್ಲ. ಲೇಪನವಿಲ್ಲದ ಹೆಡ್ ತುಕ್ಕು ಹಿಡಿಯುತ್ತದೆ, ಅದೂ ಅಲ್ಲ. ಉದ್ದ ಅಳೆಯುವ ವಿಧಾನ ಬೇರೆಯಾದರೆ ಕಾಲಿಂಚು ಆಚೀಚೆ ಬರಬಹುದು. ಗಾಲ್ಫ್ ನಿಯಮ ರೂಪಿಸುವ ಆರ್ ಅಂಡ್ ಎ ಮತ್ತು ಯುಎಸ್‌ಜಿಎ ಸಂಸ್ಥೆಗಳ ನಿಯಮಗಳು ಕ್ಲಬ್ಬನ್ನು 60 ಡಿಗ್ರಿ ಇಳಿಜಾರಿನ ಸಮತಲಕ್ಕೆ ಒತ್ತಿಟ್ಟು ಅಳೆಯುತ್ತವೆ. ಯಾವ ವಿಧಾನದಲ್ಲಿ ಅಳೆದದ್ದು ಎಂದು ಹಾಳೆಯಲ್ಲಿ ಬರೆದುಬಿಟ್ಟರೆ ಜಗಳವೇ ಇಲ್ಲ.

ಒಂದು ದೋಷದ ವಿಷಯದಲ್ಲಿ ಮಾತ್ರ ಚೌಕಾಸಿ ಕೂಡದು. ನನ್ನ 9 ಐರನ್ ಚೆಂಡಿಗೆ ತಾಗಿದಾಗ ಟಕ್ ಎನ್ನುತ್ತಿತ್ತು. ಅಲುಗಾಡಿಸಿದಾಗ ಒಳಗೆ ಗಲಗಲ ಸದ್ದಾದರೆ ಅದು ಬಹುಮಟ್ಟಿಗೆ ಉದುರಿದ ಅಂಟಿನ ಚೂರು. ಶಾಫ್ಟ್ (ಕೋಲು) ಮತ್ತು ಹೆಡ್ ನಡುವಿನ ಕರಿಯ ಪ್ಲಾಸ್ಟಿಕ್ ಉಂಗುರ, ಅಂದರೆ ಫೆರೂಲ್, ಒಂದು ಸ್ವಲ್ಪ ಮೇಲೆ ಸರಿದಿದ್ದರೆ ಅದೂ ಬರೀ ಅಂದದ ವಿಷಯ ಆಗಿರಬಹುದು. ಆದರೆ ಹೊಡೆದಾಗಲೇ ಸದ್ದು ಬಂದರೆ ಎಪಾಕ್ಸಿ ಅಂಟು ಬಿಡುತ್ತಿದೆ ಎಂದು ಅನುಮಾನಿಸಬೇಕು. ಶಾಫ್ಟಿನಿಂದ ಫೆರೂಲ್ ದಾಟಿ ಹೆಡ್‌ನ ಕುತ್ತಿಗೆಯವರೆಗೆ ಪೆನ್ನಿನಿಂದ ತೆಳ್ಳಗೆ ಒಂದು ನೇರ ಗೆರೆ ಎಳೆದೆ. ಕೆಲವು ಹೊಡೆತಗಳ ನಂತರ ಶಾಫ್ಟಿನ ಮೇಲಿನ ಗೆರೆಯೂ ಕುತ್ತಿಗೆಯ ಮೇಲಿನ ಗೆರೆಯೂ ಕೂಡಲಿಲ್ಲ. ಹೆಡ್ ತಿರುಗುತ್ತಿತ್ತು. ಅಂಥ ಕ್ಲಬ್ಬನ್ನು ಅಲ್ಲಿಗೇ ನಿಲ್ಲಿಸಬೇಕು. ಹೆಡ್ ಕಿತ್ತು ಹಾರಿದರೆ ಪಕ್ಕದಲ್ಲಿ ನಿಂತವರ ತಲೆಗೆ ಬಡಿಯುತ್ತದೆ. ಶಾಫ್ಟಿನ ತುದಿಯನ್ನು ಸರಿಯಾಗಿ ಉಜ್ಜದೆ ಅಂಟಿಸಿದರೂ, ಅಂಟು ಪೂರ್ತಿ ಗಟ್ಟಿಯಾಗುವ ಮೊದಲೇ ರವಾನಿಸಿದರೂ ಹೀಗಾಗುತ್ತದೆ.

ಹೊಸ ಸೆಟ್ ಮಾಡಿಸಿಕೊಳ್ಳುವವರು ಪ್ಲಾಸ್ಟಿಕ್ ಹೊದಿಕೆ ಬಿಚ್ಚಿದ ದಿನವೇ, ಒಂದು ಚೆಂಡನ್ನೂ ಹೊಡೆಯದೆ, ಲಾಫ್ಟ್, ಲೈ, ಉದ್ದ, ಸ್ವಿಂಗ್ ವೇಟ್ ಅಳೆಸಿ ಬರೆದಿಟ್ಟುಕೊಳ್ಳಲಿ. ಮುಖದ ಮೇಲೆ ಚೆಂಡಿನ ಗುರುತು ಬಿದ್ದ ಮೇಲೆ "ಆಡಿದ ಕ್ಲಬ್, ಆಡುವಾಗಲೇ ಬಗ್ಗಿದೆ" ಎಂಬ ಇನ್ನೊಂದು ಉತ್ತರ ಕಾದಿರುತ್ತದೆ. ದೂರು ಕೊಡುವಾಗ "ಸರಿಯಾಗಿ ಹೋಗುತ್ತಿಲ್ಲ" ಎಂದು ಬರೆಯದೆ, "8 ಐರನ್, ಆರ್ಡರ್ 37, ಬಂದದ್ದು 36" ಎಂದು ಬರೆಯಲಿ. ನನ್ನ ಮಾತಿಗೆ ಬೆಲೆ ಬಂದದ್ದು ಆ ಭಾಷೆಯಲ್ಲಿ ಬರೆದ ಮೇಲೆಯೇ. ಐರನ್‌ಗಳನ್ನು ಬಗ್ಗಿಸಿ ಕೊಟ್ಟಿದ್ದಾರೆ, 9ನ್ನು ಬಿಚ್ಚಿ ಹೊಸದಾಗಿ ಅಂಟಿಸಲು ಇಟ್ಟುಕೊಂಡಿದ್ದಾರೆ.

ಆದರೆ ಈ ಕೆಲಸ ನಮ್ಮದಲ್ಲ. ಅಳೆಯುವ ಯಂತ್ರ ತಯಾರಕರ ಮೇಜಿನ ಮೇಲೆಯೇ ಇದೆ, ಅದಿಲ್ಲದೆ ಕ್ಲಬ್ ಬಗ್ಗಿಸಲು ಆಗುವುದೇ ಇಲ್ಲ. ಜೋಡಿಸಿ ಮುಗಿಸಿದ ಮೇಲೆ ಪ್ರತಿ ಕ್ಲಬ್ಬನ್ನು ಇನ್ನೊಮ್ಮೆ ಅಳೆದು, ಆರ್ಡರಿನ ಅಂಕಿಯ ಪಕ್ಕದಲ್ಲೇ ಬಂದ ಅಂಕಿಯನ್ನೂ ಬರೆದು, ಅಳೆದವರು ಸಹಿ ಹಾಕಿ ಕೊಡಲಿ. ಆ ಹಾಳೆ ಇಲ್ಲದ ಸೆಟ್ಟಿಗೆ ಬಾಕಿ ಹಣ ಕೊಡುವುದಿಲ್ಲ ಎಂದು ಆಟಗಾರರು ಆರ್ಡರ್ ಕೊಡುವಾಗಲೇ ಹೇಳಲಿ.

ಇಂತಿ,
ಒಬ್ಬ ನಿವೃತ್ತ ತಪಾಸಣಾಧಿಕಾರಿ, ಹವ್ಯಾಸಿ ಗಾಲ್ಫ್ ಆಟಗಾರ