‘ಅಜ್ಜನ ರಕ್ತ’ ಎಂಬ ಮಾತಿನ ಬಗ್ಗೆ

ಚಿರಂಜೀವಿ ಸೋದರಳಿಯನಿಗೆ ನಿನ್ನ ಮಾವನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಮಗ ಅಂಗಡಿಯ ಗಲ್ಲಾಪೆಟ್ಟಿಗೆಯಿಂದ 50 ರೂಪಾಯಿ ತೆಗೆದನೆಂದು ನೀನು ಅವನನ್ನು ಬೆಲ್ಟಿನಿಂದ ಹೊಡೆದ ಸಂಗತಿ ತಿಳಿಯಿತು. ಹೊಡೆತಕ್ಕಿಂತಲೂ ನನ್ನನ್ನು ಕಲಕಿದ್ದು ಹೊಡೆಯುತ್ತ ನೀನಾಡಿದ ಮಾತು: ‘ಅಜ್ಜನ ರಕ್ತ, ಎಲ್ಲಿಗೆ ಹೋದೀತು!’ ಇದನ್ನು ನನಗೆ ತಿಳಿಸಿದವಳು ನಿನ್ನ ಹೆಂಡತಿ. ಅವಳ ಮೇಲೆ ಸಿಟ್ಟಾಗಬೇಡ.

ಜೈಲಿಗೆ ಹೋಗಿ ಬಂದ ನಿನ್ನ ಅಪ್ಪನಂತೆ ಮಗನೂ ಆದಾನೆಂಬ ನಿನ್ನ ಭಯಕ್ಕೆ ಆಧಾರವೇ ಇಲ್ಲವೆಂದು ನಾನು ಹೇಳಲಾರೆ. ಕೇಂಬ್ರಿಡ್ಜ್‌ನ ಸಂಶೋಧಕರು ದಕ್ಷಿಣ ಲಂಡನ್ನಿನ 411 ಹುಡುಗರನ್ನು 1961ರಿಂದ ಹಲವು ದಶಕ ಗಮನಿಸುತ್ತ ಬಂದಾಗ, ಆ ಮನೆತನಗಳವರಿಗೆ ನ್ಯಾಯಾಲಯದಲ್ಲಿ ಆದ ಶಿಕ್ಷೆಗಳಲ್ಲಿ ಅರ್ಧದಷ್ಟು ಕೇವಲ ಶೇ. 6ರಷ್ಟು ಕುಟುಂಬಗಳಿಗೇ ಸೇರಿದ್ದವು. ಆದರೆ ಅದೇ ಹುಡುಗರ ವಿಷಯದಲ್ಲಿ ಇನ್ನೊಂದು ಸಂಗತಿಯೂ ಕಂಡುಬಂತು. ತಾವು ಹುಟ್ಟುವ ಮೊದಲೇ ತಂದೆಯೋ ತಾಯಿಯೋ ಜೈಲು ಕಂಡು ಬಂದಿದ್ದ ಹುಡುಗರಿಗಿಂತ, ಹತ್ತು ವರ್ಷ ತುಂಬುವುದರೊಳಗೆ ತಂದೆಯೋ ತಾಯಿಯೋ ಜೈಲಿಗೆ ಹೋದದ್ದರಿಂದ ಅವರನ್ನು ಅಗಲಿದ ಹುಡುಗರೇ ಹೆಚ್ಚು ದಾರಿ ತಪ್ಪಿದ್ದರು. ರಕ್ತವೊಂದೇ ಕಾರಣವಾಗಿದ್ದರೆ ಈ ಎರಡು ಗುಂಪುಗಳ ನಡುವೆ ಇಷ್ಟು ಅಂತರ ಏಕೆ ಇರಬೇಕಿತ್ತು? ಹುಟ್ಟಿನಿಂದ ಬರುವ ಸ್ವಭಾವವನ್ನು ನಾನು ಪೂರ್ತಿ ಅಲ್ಲಗಳೆಯುತ್ತಿಲ್ಲ. ಆ ಮನೆಯೊಳಗೆ ಮಗು ಏನನ್ನು ಅನುಭವಿಸಿತು ಎಂಬುದನ್ನು ಮರೆಯಬೇಡ ಎನ್ನುತ್ತಿದ್ದೇನೆ. ಅಮೆರಿಕದಲ್ಲಿ ಹೊಡೆತ, ನಿರ್ಲಕ್ಷ್ಯಗಳಿಗೆ ಗುರಿಯಾದ 908 ಮಕ್ಕಳನ್ನು ಬೇರೆ ಮಕ್ಕಳೊಂದಿಗೆ ಹೋಲಿಸಿದಾಗ, ಎಳೆಯ ವಯಸ್ಸಿನಲ್ಲೇ ಬಂಧನಕ್ಕೊಳಗಾದವರು ಶೇ. 26, ಉಳಿದವರಲ್ಲಿ ಶೇ. 17. ಬೆಲ್ಟು ಕೈಗೆತ್ತಿಕೊಳ್ಳುವ ಮುನ್ನ ಇದನ್ನು ನೆನೆ.

ನೀನಾಡಿದ ಮಾತನ್ನು ಒಮ್ಮೆ ಸರ್ಕಾರವೇ ಕಾನೂನಾಗಿಸಿತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಪ್ರಕಾರ ಕೆಲವು ಸಮುದಾಯಗಳವರು ಹುಟ್ಟಿನಿಂದಲೇ ಕಳ್ಳರು. ನಮ್ಮ ಹುಬ್ಬಳ್ಳಿಯ ಸೆಟ್ಲಮೆಂಟ್ ಅಂಥವರನ್ನು ಕೂಡಿಹಾಕಿದ ಜಾಗ. 1952ರಲ್ಲಿ ಕಾಯ್ದೆ ರದ್ದಾಗಿ ಎಷ್ಟೋ ವರ್ಷ ಕಳೆದಿದ್ದರೂ, ನನ್ನ ತರಗತಿಯಲ್ಲಿ ಪೆನ್ನು ಕಳೆದರೆ ಮೊದಲು ತಪಾಸಣೆಯಾಗುತ್ತಿದ್ದುದು ಅಲ್ಲಿಂದ ಬರುತ್ತಿದ್ದ ಹುಡುಗನ ಚೀಲ. ಏಳನೆಯ ಇಯತ್ತೆಗೆ ಅವನು ಶಾಲೆ ಬಿಟ್ಟ. ನಾವು ಯಾರೂ ಒಂದು ಮಾತು ಆಡಲಿಲ್ಲ.

ನನ್ನಿಂದ ನಿನಗೂ ಒಂದು ತಪ್ಪಾಗಿದೆ. ಭಾವನವರು ಜೈಲಿಗೆ ಹೋದಾಗ ನಿನಗೆ ಆರು ವರ್ಷ. ಅಪ್ಪ ಮುಂಬಯಿಯಲ್ಲಿ ಕೆಲಸಕ್ಕಿದ್ದಾನೆಂದು ನಿನಗೆ ಹೇಳಿದವನು ನಾನೇ. ನಿಜವನ್ನು ನೀನು ಓಣಿಯ ಹುಡುಗರ ಬಾಯಿಂದ ಕೇಳಬೇಕಾಯಿತು. ಅಂದಿನಿಂದ ನೀನು ಆ ನಾಚಿಕೆಯನ್ನು ಹೊತ್ತುಕೊಂಡೇ ತಿರುಗುತ್ತಿದ್ದೀಯೆ, ಈಗ ಅದನ್ನು ಮಗನ ತಲೆಯ ಮೇಲೆ ಇಳಿಸುತ್ತಿದ್ದೀಯೆ.

ಆದ್ದರಿಂದ ಹುಡುಗನನ್ನು ಹತ್ತಿರ ಕೂರಿಸಿಕೊಂಡು ಅಜ್ಜನ ವಿಷಯವನ್ನು ನೀನೇ ಹೇಳು. ಅವರು ಮಾಡಿದ ತಪ್ಪನ್ನು ಮುಚ್ಚಿಡದೆ ಹೇಳು; ಬಿಡುಗಡೆಯಾಗಿ ಬಂದ ಮೇಲೆ ಹದಿನಾರು ವರ್ಷ ಇದೇ ಅಂಗಡಿಯಲ್ಲಿ ಕುಳಿತು ಪ್ರತಿಯೊಬ್ಬರ ಸಾಲವನ್ನೂ ತೀರಿಸಿದ್ದನ್ನೂ ಹೇಳು. ಆ 50 ರೂಪಾಯಿ ಅವನಿಗೆ ಯಾವುದಕ್ಕೆ ಬೇಕಾಗಿತ್ತೆಂದು ಕೇಳಿದೆಯಾ? ಕೇಳಿ ನನಗೆ ಬರೆ. ನಾಳೆಯಿಂದ ಸಂಜೆಯ ಗಲ್ಲಾವನ್ನು ಅವನ ಕೈಯಿಂದಲೇ ಎಣಿಕೆ ಮಾಡಿಸು.