ಸ್ಲೈಡಿಂಗ್ ವಾರ್ಡ್‌ರೋಬ್‌ನ ಆಳ ಕಡಿಮೆಯಾಗಿದೆ, ಬಿಚ್ಚಿ ಸರಿಮಾಡಿಕೊಡಿ

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಮಲಗುವ ಕೋಣೆಯ ವಾರ್ಡ್‌ರೋಬ್ ಬಗ್ಗೆ ದೂರು

ಮಾನ್ಯರೇ,

ನಮ್ಮ ಮಲಗುವ ಕೋಣೆಯಲ್ಲಿ ನಿಮ್ಮವರು ಗೋಡೆಗೆ ಕೂರಿಸಿಕೊಟ್ಟ ವಾರ್ಡ್‌ರೋಬ್ ನೋಡೋಕೆ ಚೆನ್ನಾಗಿದೆ. ಆದರೆ ಬಟ್ಟೆ ತೂಗುಹಾಕಿದರೆ ಬಾಗಿಲು ಸರಿಯುವುದಿಲ್ಲ.

ನಾವು ಒಪ್ಪಿದ ಡ್ರಾಯಿಂಗ್‌ನಲ್ಲಿ ಒಳಗಿನ ಆಳ 24 ಇಂಚು ಎಂದಿದೆ. ಟೇಪ್ ಹಿಡಿದರೆ ಸಿಗುವುದು 19 ಇಂಚು. 24 ಇಂಚು ಇರುವುದು ಹೊರಗಿನ ಅಳತೆ. ಅದರಲ್ಲಿ ಎರಡು ಬಾಗಿಲು ಮತ್ತು ಟ್ರ್ಯಾಕ್‌ಗೇ 4 ಇಂಚು ಹೋಗಿದೆ, ಹಿಂದಿನ ಹಲಗೆಗೆ ಇನ್ನಷ್ಟು. ದೊಡ್ಡವರ ಹ್ಯಾಂಗರ್ ಸುಮಾರು 17 ಇಂಚು ಅಗಲ ಇರುತ್ತದೆ. ಅದಕ್ಕೆ ಕೋಟು ಹಾಕಿದರೆ ತೋಳು ಸೇರಿ 22 ಇಂಚಾದರೂ ಬೇಕು. ಸ್ಲೈಡಿಂಗ್ ಬಾಗಿಲಾದರೆ ಆಳ ಜಾಸ್ತಿ ಇಡಬೇಕು ಅನ್ನುವುದು ಈ ಕೆಲಸ ಮಾಡುವವರಿಗೆ ಗೊತ್ತಿರಲೇಬೇಕಲ್ವಾ? ನಿಮ್ಮ ಡಿಸೈನರ್ ಒಂದು ಮಾತು ಹೇಳಿದ್ದರೆ ಹೊರಗಿನ ಅಳತೆಗೆ 29 ಇಂಚು ಬಿಟ್ಟುಕೊಡುತ್ತಿದ್ದೆವು. ಕೋಣೆಯಲ್ಲಿ ಅಷ್ಟು ಜಾಗ ಇದೆ.

ಈಗ ಎಲ್ಲ ಬಟ್ಟೆಯನ್ನೂ ಓರೆಯಾಗಿ ತೂಗುಹಾಕಿದ್ದೇವೆ. ಆದರೂ ತೋಳು ಬಾಗಿಲಿಗೆ ಸಿಕ್ಕಿಕೊಳ್ಳುತ್ತದೆ. ಅಮ್ಮ ಜೋಪಾನ ಮಾಡಿಟ್ಟಿದ್ದ ಒಂದು ಉಣ್ಣೆ ಕೋಟು ಹೀಗೇ ಹರಿಯಿತು. ಅವರಿಗೆ ತುಂಬಾ ಬೇಜಾರಾಗಿದೆ, ನಮಗೂ.

ನೋಡಲು ಬಂದ ನಿಮ್ಮ ಸಿಬ್ಬಂದಿ, "ಅಡ್ಡ ರಾಡ್ ತೆಗೆದು ಮುಂದಕ್ಕೆ ಎಳೆಯುವ ರಾಡ್ ಹಾಕೋಣ, ಅಡ್ಜಸ್ಟ್ ಆಗುತ್ತೆ" ಎಂದರು. ಅದರಲ್ಲಿ ಬಟ್ಟೆ ಒಂದರ ಹಿಂದೆ ಒಂದು ನಿಲ್ಲುತ್ತವೆ, ಹಿಡಿಯುವುದು ಕೆಲವೇ. ಇದಕ್ಕೆ ನಾವು ಒಪ್ಪುವುದಿಲ್ಲ. ಬಿಡಿ ಬೀರು ಆಗಿದ್ದರೆ ಬದಲಿಸಬಹುದಿತ್ತು. ಗೋಡೆಗೆ ಕೂರಿಸಿದ್ದರ ಜೊತೆ ವರ್ಷಗಟ್ಟಲೆ ಬದುಕಬೇಕು.

ಇನ್ನೊಂದು ವಿಷಯ. ಬಾತ್‌ರೂಮ್ ಗೋಡೆಗೆ ತಾಗಿದ ಪಕ್ಕದ ಹಲಗೆ ಕೆಳಗಡೆ ಉಬ್ಬಿದೆ. ಕೊಟೇಶನ್‌ನಲ್ಲಿ ಪ್ಲೈವುಡ್ ಎಂದಿದೆ. ಲ್ಯಾಮಿನೇಟ್ ಎದ್ದ ಜಾಗದಲ್ಲಿ ಕಾಣುತ್ತಿರುವುದು ಪಾರ್ಟಿಕಲ್ ಬೋರ್ಡ್, ಅಂದರೆ ಮರದ ಚೂರನ್ನು ಅಂಟು ಹಾಕಿ ಒತ್ತಿದ ಹಲಗೆ. ಕೆಳಗಿನ ಅಂಚಿಗೆ ಪಟ್ಟಿಯನ್ನೂ ಅಂಟಿಸಿಲ್ಲ. ಪಾರ್ಟಿಕಲ್ ಬೋರ್ಡ್ ಒಮ್ಮೆ ನೀರು ಕುಡಿದು ಉಬ್ಬಿದರೆ ಒಣಗಿದ ಮೇಲೂ ಮೊದಲಿನಂತಾಗುವುದಿಲ್ಲ. ಸ್ಕ್ರೂ ಕೂಡ ಹಿಡಿಯುವುದಿಲ್ಲ. ಅದಕ್ಕೇ ಮೇಲಿಂದ ತೇಪೆ ಹಾಕುವುದು ಬೇಡ.

ವಾರ್ಡ್‌ರೋಬ್ ಬಿಚ್ಚಿ, ಒಳಗೆ ಪೂರ್ತಿ 24 ಇಂಚು ಸಿಗುವಂತೆ, ಕೊಟೇಶನ್‌ನಲ್ಲಿರುವ ಪ್ಲೈವುಡ್‌ನಲ್ಲೇ ಮಾಡಿಕೊಡಿ. ಇದಕ್ಕೆ ಹೆಚ್ಚುವರಿ ಹಣ ಕೇಳಬಾರದು. ಹರಿದ ಕೋಟಿಗೆ ಪರಿಹಾರ ಕೊಡಿ. ಕೆಲಸ ಶುರುಮಾಡುವ ದಿನಾಂಕವನ್ನು 10 ದಿನದೊಳಗೆ ಬರೆದು ತಿಳಿಸಿ. ಕೊನೆಯ ಕಂತನ್ನು ಅಳತೆ ನೋಡಿದ ಮೇಲೆಯೇ ಕೊಡುತ್ತೇವೆ. ಡ್ರಾಯಿಂಗ್, ಕೊಟೇಶನ್ ಪ್ರತಿ ಮತ್ತು ಫೋಟೋಗಳನ್ನು ಜೊತೆಗಿಟ್ಟಿದ್ದೇನೆ.

ಇಂತಿ,
ನಿಮ್ಮ ಗ್ರಾಹಕಿ