ಗಾಡಿ ನಿಲ್ಲಿಸುವ ವಿಚಾರ

ಎಲ್ಲರಿಗೂ ನಮಸ್ಕಾರ. ತಪ್ಪು ಮಾಡದಿದ್ದರೆ ಪೊಲೀಸರು ಕಪ್ಪು ಚಾಲಕರ ಗಾಡಿ ಸುಮ್ನೆ ಯಾಕೆ ನಿಲ್ಲಿಸ್ತಾರೆ ಅಂತ ನಿನ್ನೆ ಇಲ್ಲಿ ಒಬ್ಬರು ಕೇಳಿದ್ದರು. ಇಲ್ಲೇ ಅಮೆರಿಕದ ನಮ್ಮ ಮಿನ್ನೆಸೋಟದಲ್ಲೇ, ಬ್ರೂಕ್ಲಿನ್ ಸೆಂಟರ್‌ನಲ್ಲಿ, 2021ರ ಏಪ್ರಿಲ್ 11ರಂದು ಡಾಂಟೆ ರೈಟ್‌ನ ಕಾರು ನಿಲ್ಲಿಸಿದರು. 20 ವರ್ಷದ ಕಪ್ಪು ಹುಡುಗ. ನೋಂದಣಿ ಅವಧಿ ಮುಗಿದಿತ್ತು, ಕನ್ನಡಿಗೆ ಏರ್ ಫ್ರೆಶ್‌ನರ್ ನೇತಾಡುತ್ತಿತ್ತು. ಅವನು ಅಮ್ಮನಿಗೆ ಫೋನ್ ಮಾಡಿದ. ಬಂಧಿಸುವಾಗ ಪೊಲೀಸ್ ಅಧಿಕಾರಿ ಟೇಸರ್ (ವಿದ್ಯುತ್ ಆಘಾತ ಕೊಡುವ ಸಾಧನ) ಎಂದುಕೊಂಡು ಪಿಸ್ತೂಲು ಹಾರಿಸಿದರು, ಅವನು ಸತ್ತ. ಆ ತಾಯಿಯನ್ನು ನೆನೆದರೆ ಈಗಲೂ ಹೊಟ್ಟೆ ಹಿಂಡುತ್ತದೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು, ಪೊಲೀಸರು ಗಾಡಿ ನಿಲ್ಲಿಸಿದ ಸುಮಾರು 10 ಕೋಟಿ ಪ್ರಕರಣಗಳ ಲೆಕ್ಕ ನೋಡಿ 2020ರಲ್ಲಿ ಪ್ರಕಟಿಸಿದರು. ಕತ್ತಲಾಗಿ ಮುಖ ಕಾಣದಾದಾಗ, ನಿಲ್ಲಿಸಿದವರಲ್ಲಿ ಕಪ್ಪು ಚಾಲಕರ ಪಾಲು ಕಡಿಮೆಯಾಗುತ್ತದೆ. ಹಗಲಲ್ಲಿ ಜಾಸ್ತಿ. ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?

ಶನಿವಾರದ ಊಟಕ್ಕೆ ನಮ್ಮ ಮಕ್ಕಳ ಕಪ್ಪು ಗೆಳೆಯರೂ ಬರುತ್ತಾರೆ. ಹೊರಡುವಾಗ, ಮನೆ ತಲುಪಿ ಒಂದು ಮೆಸೇಜ್ ಹಾಕಪ್ಪಾ ಅಂತ ದಯವಿಟ್ಟು ಹೇಳಿ. ಅವರ ಅಮ್ಮಂದಿರು ಅಲ್ಲಿ ಎಚ್ಚರವಾಗೇ ಕೂತಿರುತ್ತಾರೆ.